ಬಿಂಡಿಗನವಿಲೆಯವಳ ಒಂದು ಷೇರು, ನಮ್ಮ ಬೀದಿಯ ಸಹಿ

ಚಿನಕುರಳಿ
ಗುರುವಾರ, ಸೆಪ್ಟೆಂಬರ್ ೧೮, ೨೦೨೫

ವೀಣ,

ಕ್ಷೇಮ ಕೇಳುವ ಮನಸ್ಸಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ಸಕ್ಕರೆ ಕಾರ್ಖಾನೆಗೆ ಜಮೀನು ಬಿಟ್ಟುಕೊಟ್ಟಾಗ ಮನೆಗೊಂದು ಕೆಲಸ ಅಂದಿದ್ದರು; ಕೊಡಲಿಲ್ಲ. ನಿಮ್ಮ ಕಬ್ಬನ್ನೇ ಮೊದಲು ಅರೆಯುತ್ತೇವೆ ಅಂದಿದ್ದರು, ಅರೆಯಲಿಲ್ಲ. ನೀವೂ ಮಾಲೀಕರೇ ಅಂದಿದ್ದರು, ಗೇಟಿನೊಳಕ್ಕೆ ಬಿಡಲಿಲ್ಲ. ಕೈಗೆ ಸಿಕ್ಕಿದ್ದು ಷೇರು ಪತ್ರ ಒಂದೇ. ಅದಕ್ಕೂ ಕಟ್ಟು ಹಾಕಿಸಿ, ದೇವರ ಪಟಗಳ ಸಾಲಿಗೆ ನೇತುಹಾಕಿ, ಮೂವತ್ತು ವರ್ಷ ಹೂವು ಮುಡಿಸಿದೆವು. ಅದು ಓಟು ಅಂತ ನಮಗೆ ಗೊತ್ತಿರಲಿಲ್ಲ.

ಗೊತ್ತು ಮಾಡಿದವಳು ನೀನು. ಅದೇ ನನ್ನ ಹೊಟ್ಟೆಗೆ ಬೆಂಕಿ. ಹನ್ನೊಂದು ವರ್ಷ ಆ ಗೇಟಿನ ಮುಂದೆ ಧಿಕ್ಕಾರ ಕೂಗಿ ಗಂಟಲು ಹರಿದುಕೊಂಡವಳು ನಾನು, ಲಾಠಿ ತಿಂದವಳು ನಾನು. ಒಂದು ಗುಂಟೆ ಕಬ್ಬಿಲ್ಲದ ನೀನು ಒಂದೇ ಒಂದು ಷೇರು ಕೊಂಡು, ಬಿಂಡಿಗನವಿಲೆಯಿಂದ ಬಸ್ಸು ಹತ್ತಿ ಬಂದು, ಕಂಪನಿ ಮೂರು ತಿಂಗಳಿಗೊಮ್ಮೆ ಪ್ರಕಟಿಸುವ ಷೇರುದಾರರ ಪಟ್ಟಿಯನ್ನು ನಮ್ಮ ಬೆಳೆಗಾರರ ಸಂಘದವರ ಮುಂದೆ ಓದಿದೆ. ನೂರರಲ್ಲಿ ಎಪ್ಪತ್ತು ಯಜಮಾನರ ಮನೆತನದ್ದು. ಇಪ್ಪತ್ತನಾಲ್ಕು ನಮ್ಮಂಥ ಬೆಳೆಗಾರರದ್ದು. ಉಳಿದ ಆರು ಯಾವತ್ತೂ ಓಟು ಹಾಕದವರದ್ದು. ಕಾರ್ಖಾನೆ ಮುಚ್ಚಿ ಆ ಜಾಗವನ್ನು ಲೇಔಟಿನವರಿಗೆ ಮಾರಲು, ಬಿದ್ದ ಓಟಿನಲ್ಲಿ ಮುಕ್ಕಾಲು ಪಾಲು ಬೇಕು. ನಮ್ಮ ಇಪ್ಪತ್ತನಾಲ್ಕೂ ಬೇಡ ಅಂದರೆ ಅವರಿಗದು ಸಿಗುವುದಿಲ್ಲ. ಒಂದು ಆ ಕಡೆ ಜಾರಿದರೂ ಸಿಗುತ್ತದೆ.

ನೀನು ಓದಿ ಮುಗಿಸಿದಾಗ ಸಂಘದ ಹಿರಿಯ ದೇವಯ್ಯ ನಿನ್ನ ತಲೆ ಮುಟ್ಟಿ ಅಂದ, “ಇಷ್ಟ್ ವರ್ಸ ಬರೀ ಕೂಗ್ದೋ ಕಣವ್ವ. ಕಾಗ್ದ ಓದ್ದೋಳು ನೀನೊಬ್ಳೇಯ.” ಕೂಗಿದವಳು ಅಲ್ಲೇ ಜಮಖಾನ ಮಡಿಸುತ್ತಿದ್ದೆ.

ಆಮೇಲೆ ಕಂಪನಿಯ ಧರ್ಮೇಂದ್ರ ನಮ್ಮ ಬಾಗಿಲಿಗೆ ಬಂದ. ನಿಜವಾದ ನಾಯಕಿ ನೀವೇ ಅಂದ. ಷೇರುದಾರರ ಸಭೆಯಲ್ಲಿ ನಮ್ಮ ಬದಲು ತಾನೇ ಓಟು ಹಾಕುವ ಫಾರಂ ಮುಂದಿಟ್ಟ. ನಿನ್ನ ಮುಖ ನೆನೆದುಕೊಂಡೇ ಸಹಿ ಹಾಕಿದೆ. ಪಕ್ಕದ ಮನೆ ಲಕ್ಷ್ಮಿದೇವಮ್ಮ ಕನ್ನಡಕವನ್ನೂ ಹುಡುಕಲಿಲ್ಲ. “ನೀನೇ ಹಾಕಿದ್ಮೇಲೆ ನಮ್ದೇನವ್ವ, ಎಲ್ಲಿಗಾಕ್ಬೇಕು ತೋರ್ಸು,” ಅಂದಳು. ನಾನು ಬೆರಳಿಟ್ಟು ತೋರಿಸಿದೆ. ಹಾಗೆ ಇಡೀ ಬೀದಿ ಹಾಕಿತು. ನಮ್ಮ ಬೀದಿಯ ಪತ್ರಗಳನ್ನೆಲ್ಲ ಕೂಡಿದರೆ ನೂರರಲ್ಲಿ ಒಂದು. ಗೊತ್ತಿದ್ದೂ ಮಾಡಿದೆ.

ನೀನು ಸೋಲಬೇಕು, ಅಷ್ಟೇ ಬೇಕಿತ್ತು ನನಗೆ. ಈಗ ಲಕ್ಷ್ಮಿದೇವಮ್ಮ ದಿನಾ ಗದ್ದೆಯಿಂದ ಬರುತ್ತಾ, ಈ ಸಲ ಕಬ್ಬು ಚೆನ್ನಾಗಿದೆ ಅನ್ನುತ್ತಾಳೆ. ಅದನ್ನು ಎಲ್ಲಿ ಅರೆಸುತ್ತಾಳೆ?

ಷೇರುದಾರರೇ ಖುದ್ದು ಬಂದು ಓಟು ಹಾಕಿದರೆ ಆ ಫಾರಂ ನಡೆಯುವುದಿಲ್ಲವಂತೆ, ವಿಚಾರಿಸಿದೆ. ನಾಳೆಯಿಂದ ಮನೆ ಮನೆಗೆ ಹೋಗಿ, ತಪ್ಪು ಕಡೆ ಸಹಿ ಹಾಕಿಸಿದೆ ಅಂತ ಹೇಳುತ್ತೇನೆ. ನಿನ್ನ ಮೇಲಿನ ಉರಿ ಆರಿಲ್ಲ. ಆರಿದೆ ಅಂತ ಸುಳ್ಳು ಬರೆಯಲಾರೆ.

ಯಶೋಧರಾ

ಮೇಲೆ ಬರೆಯದೆ ಬಿಟ್ಟಿದ್ದು: ಧರ್ಮೇಂದ್ರ ತಾನಾಗಿ ಬರಲಿಲ್ಲ. ಫೋನು ಮಾಡಿ ಕರೆಸಿದವಳು ನಾನೇ. ಇದೊಂದನ್ನು ದೇವಯ್ಯನಿಗೆ ನೀನು ಹೇಳಬೇಡ. ಎಲ್ಲರ ಎದುರು ನಾನೇ ಹೇಳುತ್ತೇನೆ. ಬೀದಿಯವರನ್ನೆಲ್ಲ ಸಭೆಗೆ ಕರೆತರುತ್ತೇನೆ. ಗಂಜಾಂನ ಕಲ್ಯಾಣ ಮಂಟಪ, ಸೋಮವಾರ, ಬೆಳಿಗ್ಗೆ ಹತ್ತೂವರೆ.