‘ಅನ್‌ಫಾರ್ಚುನೇಟ್ಲಿ’ಯನ್ನು ಒರೆಸಿಸಿದ ಅಧಿಕಾರಿಗಳಿಗೆ

ಮೈಸೂರು, 11 ಜನವರಿ 1999

ಮಾನ್ಯ ಶಿಕ್ಷಣಾಧಿಕಾರಿಗಳೇ,

ಏಳನೇ ತರಗತಿಯ ಮೂವತ್ತೊಂದು ಮಕ್ಕಳ ಎದುರು ನನ್ನ ಕೈಯಿಂದಲೇ ಕರಿಹಲಗೆ ಒರೆಸಿಸಿ, ನನ್ನನ್ನು ಶಾಲೆಯಿಂದ ಹೊರಗೆ ಕಳಿಸಿದಿರಿ. ನನಗಾದ ಅವಮಾನವನ್ನು ನುಂಗಿಕೊಳ್ಳಬಲ್ಲೆ. ಆ ಮಕ್ಕಳಿಂದ ಪಾಠವನ್ನೇ ಕಿತ್ತುಕೊಂಡಿರಲ್ಲ, ಅದಕ್ಕೆ ಉತ್ತರ ಬೇಕು. ಕಚೇರಿಗೆ ಬರೆದ ಪತ್ರಕ್ಕೆ ಉತ್ತರ ಬರುವುದಿಲ್ಲವಾದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಲಕ್ಷ್ಮೀಪುರಂನ ಮುದ್ರಣಾಲಯವೊಂದರಲ್ಲಿ ಇಪ್ಪತ್ತೆಂಟು ವರ್ಷ ಅಚ್ಚುಮೊಳೆ ಜೋಡಿಸಿದವನು. ಸಾಲಿನ ಕೊನೆಯಲ್ಲಿ ಜಾಗ ಸಾಲದಿದ್ದಾಗ ಉದ್ದನೆಯ ಇಂಗ್ಲಿಷ್ ಪದವನ್ನು ಎಲ್ಲಿ ಮುರಿಯಬೇಕೆಂದು ತಿಳಿಯದೆ ಆ ಕೆಲಸ ನಡೆಯುತ್ತಿರಲಿಲ್ಲ. ಕಂಪ್ಯೂಟರ್ ಬಂತು, ಮುದ್ರಣಾಲಯ ಮುಚ್ಚಿತು. ನಮ್ಮ ಬೀದಿಯ ಸರ್ಕಾರಿ ಶಾಲೆಗೆ ಎರಡು ವರ್ಷದಿಂದ ಇಂಗ್ಲಿಷ್ ಮೇಷ್ಟ್ರಿಲ್ಲ. ಮುಖ್ಯೋಪಾಧ್ಯಾಯಿನಿ ಪ್ರೇಮಲೀಲಾ ಅವರು ಕರೆದರು, ಹೋದೆ.

ಅಲ್ಲಿ ಗೌತಮಿ ಎಂಬ ಹುಡುಗಿ ಉದ್ದ ಪದ ಕಂಡರೆ ಪುಸ್ತಕವನ್ನೇ ಮುಚ್ಚಿಬಿಡುತ್ತಿದ್ದಳು. ತಾವು ಬಂದ ದಿನ ಹಲಗೆಯ ಮೇಲೆ ‘ಅನ್‌ಫಾರ್ಚುನೇಟ್ಲಿ’ಯನ್ನು ತುಂಡು ಮಾಡಿ ಬರೆದೆ: ಅನ್, ಫಾರ್, ಚು, ನೇಟ್, ಲಿ. ಒಂದೊಂದೇ ಓದಿ ಕೂಡಿಸಿದಳು.

“ಫಾರ್ಚೂನ್ ಅಂದ್ರೆ ಅದೃಷ್ಟ ಕಣಮ್ಮ. ಮುಂದೆ ಅನ್ ಬಂದ್ರೆ?”

“ಅದೃಷ್ಟ ಕೈಕೊಟ್ಬುಡ್ತು ತಾತ!”

ಮಕ್ಕಳೆಲ್ಲ ನಗುತ್ತಿರುವಾಗಲೇ ತಾವು ಒಳಬಂದಿರಿ.

“ಏನ್ರೀ ಇದು, ಇಂಗ್ಲಿಷನ್ನ ಸೊಪ್ಪು ಹೆಚ್ಚಿದ ಹಾಗೆ ಹೆಚ್ಚಿದೀರಿ? ಏನ್ ಓದಿದೀರಿ ನೀವು?”

“ಎಸ್ಎಸ್ಎಲ್‌ಸಿ ಫೇಲು ಸಾರ್.”

“ಮೊದ್ಲು ಅದನ್ನ ಒರೆಸಿ.”

ಗೌತಮಿ ಎದ್ದು ನಿಂತಳು. “ನಮ್ಗೆ ಬೇರೆ ಮೇಷ್ಟ್ರೇ ಇಲ್ವಲ್ಲ ಸಾರ್?” ತಾವು ಅವಳ ಕಡೆ ನೋಡಲೂ ಇಲ್ಲ.

ನಾನಿನ್ನು ಪಾಠ ಮಾಡಕೂಡದೆಂದು ವಾರದೊಳಗೆ ಆದೇಶ ಬಂತು. ಎರಡು ವರ್ಷದಲ್ಲಿ ಒಬ್ಬ ಮೇಷ್ಟ್ರನ್ನು ಕಳಿಸಲಾಗದ ಕಚೇರಿಗೆ ಇಷ್ಟು ಚುರುಕು ಎಲ್ಲಿಂದ ಬಂತು? ಕನ್ನಡ ಶಾಲೆಗೆ ಇಂಗ್ಲಿಷಿನಲ್ಲೇ ಆದೇಶ ಬರೆಯುವ ಉತ್ಸಾಹವಾದರೂ ಎಂಥದ್ದು! ಪ್ರೇಮಲೀಲಾ ಅವರು ಅದರ ಪ್ರತಿಯನ್ನು ಗೌತಮಿಯ ಕೈಲಿ ನನ್ನ ಮನೆಗೆ ಕಳಿಸಿದರು. ಅವಳು ನನ್ನ ಹೆಸರಿನ ಹಿಂದಿದ್ದ ಪದದ ಮೇಲೆ ಬೆರಳಿಟ್ಟು ನಿಂತಳು.

“ಅನ್... ಆ... ಥ... ರೈಸ್ಡ್. ಅಥಾರಿಟಿ ಅಂದ್ರೆ ಅಧಿಕಾರ ಅಲ್ವಾ ತಾತ? ನಿಮ್ಗೆ ಅಧಿಕಾರ ಇಲ್ಲ ಅಂತ ಬರ್ದವ್ರಾ?”

ಅವಳ ಕಣ್ಣು ತುಂಬಿತ್ತು. ನನಗೋ, ನಾಚಿಕೆ ಬಿಟ್ಟು ಹೇಳುತ್ತೇನೆ, ಸಂತೋಷ ತಡೆಯಲಾಗಲಿಲ್ಲ. ಯಾರ ನೆರವೂ ಇಲ್ಲದೆ ಅವಳು ಬಿಡಿಸಿ ಓದಿದ ಮೊದಲ ಪದ ಅದು. ಅಷ್ಟರಮಟ್ಟಿಗೆ ತಮ್ಮ ಕಚೇರಿಗೆ ನಾನು ಋಣಿ.

ಈಗ ಒಂಬತ್ತು ಮಕ್ಕಳು ಸಂಜೆ ನನ್ನ ಜಗಲಿಗೆ ಬರುತ್ತಾರೆ. ಉಳಿದವರೇನು ಮಾಡಬೇಕು? ದುಡ್ಡು ಕೊಟ್ಟು ಸರಸ್ವತಿಪುರಂನ ಟ್ಯುಟೋರಿಯಲ್‌ಗೆ ಸೇರಲಿ ಎನ್ನುವಿರಾ? ಆ ಮಾತನ್ನು ಮನೆಗೆಲಸ ಮುಗಿಸಿ ಬರುವ ಅವರ ತಾಯಂದಿರ ಮುಂದೆ ನಿಂತು ತಾವೇ ಹೇಳಿ.

ಮಾರ್ಚ್‌ನಲ್ಲಿ ಪಬ್ಲಿಕ್ ಪರೀಕ್ಷೆ. ಈ ತಿಂಗಳೊಳಗೆ ಓದಿ ಪಾಸಾದ ಮೇಷ್ಟ್ರೊಬ್ಬರನ್ನು ಕಳಿಸಿ, ಕೈಮುಗಿದು ಪಕ್ಕಕ್ಕೆ ಸರಿಯುತ್ತೇನೆ. ಆಗದಿದ್ದರೆ ಆದೇಶ ಹಿಂತೆಗೆದುಕೊಳ್ಳಿ. ಎರಡೂ ಆಗದಿದ್ದರೆ ಫೆಬ್ರವರಿ ಒಂದರಂದು, ಸೋಮವಾರ, ನಾನು ಅದೇ ತರಗತಿಗೆ ಹೋಗಿ ಪಾಠ ಶುರು ಮಾಡುತ್ತೇನೆ. ಪೊಲೀಸರನ್ನು ಕರೆತರುವುದಾದರೆ ಮೂರು ಗಂಟೆಯ ಮೇಲೆ ಬನ್ನಿ. ಅಷ್ಟು ಹೊತ್ತಿಗೆ ಪಾಠ ಮುಗಿದಿರುತ್ತದೆ.

ಇಂತಿ,
ಉಗುರಿನ ಮಸಿ ಇನ್ನೂ ಹೋಗದ
ಮರಿಯಯ್ಯ