ಕೊನೆಗೆ ಬಾ

೨೩ ಜೂನ್ ೨೦೦೩, ಸೋಮವಾರ

ಉಪಕರಣ ಶುದ್ಧಿ ಮಾಡುವ ಆಟೋಕ್ಲೇವ್ ಮತ್ತೆ ಕೈಕೊಟ್ಟಿತು. ಮಧ್ಯಾಹ್ನವೆಲ್ಲ ಇಕ್ಕಳ, ಕನ್ನಡಿ, ಪ್ರೋಬ್ — ಎಲ್ಲ ಪ್ರೆಷರ್ ಕುಕ್ಕರಿನಲ್ಲಿ. ನಾಗಮಣಿ, "ಇವತ್ತೇನು ಅಡಿಗೆ ಡಾಕ್ಟ್ರೇ, ಇಕ್ಕಳದ ಹುಳಿಯಾ?" ಅಂದಳು. ಕ್ಲಿನಿಕ್ ತೆರೆದಾಗಿನಿಂದ ನನ್ನ ಅಸಿಸ್ಟೆಂಟ್. ಅವಳ ಜೋಕಿಗೆ ನಗುವುದು ನನ್ನ ಡ್ಯೂಟಿ.

ಸಂಜೆ ಹೊಸ ಕೇಸ್. ಮಂಡಿ ಮೊಹಲ್ಲಾದಿಂದ ಒಬ್ಬ ಅಜ್ಜಿ, ಸಿದ್ದಲಿಂಗಮ್ಮ. ಹಣೆ ತುಂಬ ವಿಭೂತಿ. ಜೊತೆಗೆ ಮೊಮ್ಮಗಳು ಶಿಲ್ಪಶ್ರೀ, ಏಳು ವರ್ಷ. ನೋಡಿದರೆ ಐದು ಅನ್ನಬೇಕು. ಮಗುವನ್ನು ಕೂರಿಸುವ ಮೊದಲೇ ಅಜ್ಜಿ ಹೇಳಿಬಿಟ್ಟರು:

"ಮುಚ್ಚಿಟ್ಟು ಪಾಪ ಕಟ್ಕೊಳಲ್ಲ ಡಾಕ್ಟ್ರಮ್ಮ. ಈ ಮಗೀಗೆ ಎಚ್ಐವಿ ಐತೆ. ಅವರಪ್ಪ ತಂದಿದ್ದು. ಅವನೂ ಹೋದ, ನನ್ನ ಮಗಳೂ ಹೋದ್ಲು."

ಬಾಯಿ ತೆರೆಸಿದೆ. ಮೇಲಿನ ಮುಂದಿನ ನಾಲ್ಕು ಹಾಲುಹಲ್ಲು ಕರಿ ಮೊಳೆಗಳಾಗಿವೆ. ಬೀಳುವ ಕಾಲ ಬಂದರೂ ಬಿದ್ದಿಲ್ಲ. ನಾಲಿಗೆಯ ಮೇಲೆ ಬಿಳಿ ಬೂಷ್ಟು, ಒರೆಸಿದರೆ ರಕ್ತ. ಕೆಳಗೆ ಒಂದು ದವಡೆ ಹಲ್ಲಿನ ಬುಡದಲ್ಲಿ ಕೀವು. ದಿನಾ ಮಲಗುವಾಗ ಸಿರಪ್, ಅದರ ಹಿಂದೆ ಒಂದು ಉಂಡೆ ಬೆಲ್ಲ, ಅದನ್ನು ಚೀಪುತ್ತಲೇ ನಿದ್ದೆಯಂತೆ.

"ಔಷ್ದಿ ಒಗರು ಅಂತ ಅಳ್ತದೆ. ಅವ್ವ ಇಲ್ದಿರೋ ಕೂಸು. ಬೆಲ್ಲನೂ ಬ್ಯಾಡ ಅನ್ಲಾ?"

ನೋವಿಗೆಂದು ಬಂದದ್ದಲ್ಲ. ಸ್ಕೂಲಿನಲ್ಲಿ ಇವಳಿಗೆ 'ಬೂಷ್ಟ್ ಬಾಯಿ' ಅಂತ ಹೆಸರಿಟ್ಟಿದ್ದಾರೆ. ಪಕ್ಕದಲ್ಲಿ ಕೂರುವ ಸುಷ್ಮಾ ಮೂಗು ಮುಚ್ಚಿಕೊಳ್ಳುತ್ತಾಳೆ. ಯಾವ ಡಾಕ್ಟರಿಗೆ ತೋರಿಸ್ತಿದ್ದೀರಿ, ಏನಂತೆ ಕಾಯಿಲೆ ಅಂತ ಮಿಸ್ಸುಗಳು ಕೇಳಲು ಶುರು ಮಾಡಿದ್ದಾರೆ.

"ಸ್ಕೂಲಲ್ಲಿ ಮಾತ್ರ ಗೊತ್ತಾಗ್ಬಾರ್ದು ಕಣಮ್ಮ. ಈ ಮಗೀಗಿರೋದೇ ಆ ಸ್ಕೂಲೊಂದು. ಬಾಯೊಂದ ಎಲ್ರಂಗೆ ಮಾಡ್ಕೊಟ್ಬುಡಿ."

ಬೇರೆ ಕಡೆಗಳಲ್ಲಿ ವಾಪಸ್ ಕಳಿಸಿದ್ದಾರಂತೆ. ನಾನು ಆಗಲಿ ಅಂದೆ. ಅಂದದ್ದಕ್ಕೆ ನನ್ನ ಬಗ್ಗೆ ನನಗೇ ಸಂತೋಷವಾಯಿತು — ಸುಳ್ಳೇಕೆ ಬರೆಯಲಿ.

"ಎಲ್ಲ ಪೇಷಂಟ್ ಹೋದ ಮೇಲೆ ಬನ್ನಿ. ಕೊನೆಗೆ," ಅಂದೆ.

೨೮ ಜೂನ್

ಹೇಳಿದ ಹಾಗೆ ಕೊನೆಗೇ ಬಂದರು. ಕುರ್ಚಿಗೆ ಪ್ಲಾಸ್ಟಿಕ್ ಹೊದಿಸಿತ್ತು. ನಾನೇ ಹೇಳಿದ್ದು. ಗ್ಲೌಸ್ ಒಂದರ ಮೇಲೊಂದು. ಮಗು ಕೈಯನ್ನೇ ನೋಡಿತು.

"ಯಾಕೆ ಎರಡು?"

"ಚಳಿ."

"ನಂಗೂ ಚಳಿ," ಅಂದಳು. ನಾಗಮಣಿ ಫ್ಯಾನ್ ಕಡಿಮೆ ಮಾಡಿದಳು.

ಎರಡು ಹಲ್ಲು ತೆಗೆದೆ. ಅಳಲಿಲ್ಲ. ಅಜ್ಜಿಯ ಸೆರಗು ಹಿಡಿದುಕೊಂಡಿದ್ದಳು, ಅಷ್ಟೇ. ಬೂಷ್ಟಿಗೆ ಹಚ್ಚಲು ಮೌತ್ ಪೇಂಟ್. ಬೆಲ್ಲ ಬಂದ್. ಸಿರಪ್ ಆದ ಮೇಲೆ ಬಾಯಿ ಮುಕ್ಕಳಿಸುವುದು.

ಎಚ್ಐವಿ ಬಗ್ಗೆ ಹಿಂದೆ ಹೋಗಿದ್ದ ವರ್ಕ್‌ಶಾಪಿನಲ್ಲಿ ಹೇಳಿದ್ದು ನೆನಪಿದೆ: ಪ್ರತಿ ಪೇಷಂಟೂ ಪಾಸಿಟಿವ್ ಅಂದುಕೊಂಡೇ ಕೆಲಸ ಮಾಡಿ, ಆಗ ಯಾರನ್ನೂ ಬೇರೆ ಮಾಡಬೇಕಿಲ್ಲ. ಸರ್ಟಿಫಿಕೇಟ್ ಗೋಡೆಯ ಮೇಲಿದೆ. ಬೆಳಿಗ್ಗೆಯಿಂದ ಬಂದವರಲ್ಲಿ ಯಾರಿಗೆ ಏನಿತ್ತೋ. ನಾನು ಕೇಳಿಲ್ಲ, ಅವರು ಹೇಳಿಲ್ಲ — ಒಂದೇ ಗ್ಲೌಸ್. ಹೇಳಿದವರಿಗೆ ಎರಡು. ಇದು ಸೈನ್ಸ್ ಅಲ್ಲ ಅಂತ ಗೊತ್ತು. ಗೊತ್ತಿದ್ದೂ...

ಮನೆಯಲ್ಲಿ ನನ್ನ ಗಂಡ ವಾಗೀಶ, "ಆ ಕೇಸ್ ಬಂದಿತ್ತಾ? ಸ್ನಾನ ಮಾಡ್ಕೊಂಡೇ ಊಟಕ್ಕೆ ಬಾ," ಅಂದರು. ಫಿಸಿಕ್ಸ್ ಲೆಕ್ಚರರ್. ನಗು ಬಂತು. ಸ್ನಾನ ಮಾಡಿಯೇ ಕೂತೆ.

೧೯ ಜುಲೈ

ಮುಂದಿನ ನಾಲ್ಕೂ ಮುಗಿದು ವಾರವಾಯಿತು. ಬೂಷ್ಟು ಇಳಿದಿದೆ. ಇವತ್ತು ಕನ್ನಡಿ ಕೈಗೆ ಕೊಟ್ಟೆ. ಖಾಲಿ ಜಾಗದಲ್ಲಿ ನಾಲಿಗೆ ತೂರಿಸಿ ತೂರಿಸಿ ನೋಡಿಕೊಂಡಳು.

"ಸುಷ್ಮಾಗೂ ಹಿಂಗೇ ಬಿದ್ದೋಗಿದೆ!"

ಎರಡನೇ ಕ್ಲಾಸಿನಲ್ಲಿ ಎಲ್ಲರ ಬಾಯೂ ಬೋಳೇ. ಇದು ನನಗೆ ಮೊದಲೇ ಹೊಳೆದಿರಲಿಲ್ಲ. ಹಲ್ಲು ತೆಗೆದದ್ದರಿಂದಲೇ ಅವಳು ಎಲ್ಲರ ಹಾಗೆ ಆದಳು. ಈಗ ಸುಷ್ಮಾ ಮೂಗು ಮುಚ್ಚುವುದಿಲ್ಲವಂತೆ. ನಲ್ಲಿಯ ಹತ್ತಿರ ಇಬ್ಬರೂ ಬಾಯಿಗೆ ನೀರು ತುಂಬಿಕೊಂಡು ಆ ಸಂದಿಯಿಂದ ಚಿಮ್ಮಿಸುವ ಪಂದ್ಯ.

"ಮಿಸ್ಸೂ ಏನೂ ಕೇಳ್ತಿಲ್ಲ ಡಾಕ್ಟ್ರಮ್ಮ," ಅಂದರು ಸಿದ್ದಲಿಂಗಮ್ಮ. ಕೈ ಮುಗಿಯಲು ಬಂದರು. ನಾನು ಗ್ಲೌಸ್ ಬಿಚ್ಚುತ್ತಿದ್ದೆ.

ದವಡೆ ಹಲ್ಲೊಂದು ಉಳಿದಿದೆ. ರಕ್ತದ ರಿಪೋರ್ಟ್ ಬರಲಿ.

ಮೆಟ್ಟಿಲು ಹತ್ತುವಾಗಲೇ ಕೂಗುತ್ತಾಳೆ, "ಇವತ್ತೂ ನಾನೇ ಲಾಸ್ಟ್ ಅಲ್ವಾ?" ಅದೊಂದು ರ‍್ಯಾಂಕ್ ಅನ್ನುವ ಹಾಗೆ.

೧೮ ಆಗಸ್ಟ್

ಚೂಡಾಮಣಿಯ ಫೋನ್. ಕಾನ್ವೆಂಟಿನಲ್ಲಿ ನನ್ನ ಕ್ಲಾಸ್‌ಮೇಟ್, ಈಗ ಹೆಡ್‌ಮಿಸ್ಟ್ರೆಸ್. ಅವಳ ಸ್ಕೂಲಿನಲ್ಲಿ ಪ್ರತಿ ವರ್ಷದ ಡೆಂಟಲ್ ಕ್ಯಾಂಪ್ ಬುಧವಾರ. ಶಿಲ್ಪಶ್ರೀಯ ಸ್ಕೂಲು ಅದೇ.

ಹೋಗದಿದ್ದರೆ ಯಾಕೆ ಅನ್ನುತ್ತಾಳೆ. ಹೋಗುತ್ತೇನೆ. ಸಾಲಿನಲ್ಲಿ ಶಿಲ್ಪಶ್ರೀಯೂ ಒಬ್ಬಳು. ಗುರುತು ತೋರಿಸಬಾರದು, ಅಷ್ಟೇ.

೨೦ ಆಗಸ್ಟ್, ಸಂಜೆ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಪ್ರೇಯರ್ ಹಾಲಿನಲ್ಲಿ ಸಾಲು. ಪ್ರತಿ ಮಗುವಿಗೆ ಬೇರೆ ಮರದ ಕಡ್ಡಿ. ಗ್ಲೌಸ್ ಮಾತ್ರ ಕ್ಲಾಸಿಗೊಂದು ಜೊತೆ, ಮಧ್ಯೆ ಸ್ಪಿರಿಟ್ಟಿನಿಂದ ಒರೆಸಿಕೊಳ್ಳುವುದು. ಕ್ಯಾಂಪುಗಳಲ್ಲಿ ನಾನು ಮಾಡಿಕೊಂಡು ಬಂದದ್ದೇ ಹಾಗೆ. ಎರಡನೇ ಕ್ಲಾಸ್ ಬಂತು. ಸುಷ್ಮಾಳ ಹಿಂದೆ ಅವಳು. ನನ್ನನ್ನು ನೋಡಿ ಬಾಯಿ ತುಂಬ ನಕ್ಕಳು. ಸ್ಪಿರಿಟ್ಟಿನಲ್ಲಿ ಒರೆಸಿದ ಇದೇ ಕೈ ಇವಳ ನಂತರ ಇನ್ನೊಂದು ಬಾಯಿಗೆ ಹೋಗಬೇಕಲ್ಲ ಅನ್ನಿಸಿತು. ಆಗ ಬಾಯಿಂದ ಬಂದುಬಿಟ್ಟಿತು:

"ನೀನು ಕೊನೆಗೆ ಬಾ, ಪುಟ್ಟಿ."

ಎಲ್ಲರಿಗೂ ಹೊಸ ಗ್ಲೌಸ್ ಹಾಕಿದ್ದರೆ ಇವಳನ್ನು ಹಿಂದೆ ಕಳಿಸಬೇಕಿರಲಿಲ್ಲ. ಡಬ್ಬಿ ತುಂಬ ಇದ್ದವು.

ಅವಳು ಖುಷಿಯಿಂದಲೇ ಹೊರಟಳು. ಯಾರೋ ಕೇಳಿದರು, "ಮಿಸ್, ಅವಳ್ಯಾಕೆ ಲಾಸ್ಟು?" ಉತ್ತರ ಕೊಟ್ಟದ್ದು ಶಿಲ್ಪಶ್ರೀಯೇ. ಸೊಂಟದ ಮೇಲೆ ಕೈ ಇಟ್ಟುಕೊಂಡು.

"ನಾನು ಯಾವಾಗ್ಲೂ ಲಾಸ್ಟೇ ಕಣೇ! ಡಾಕ್ಟ್ರು ನಂಗೆ ಅಂತ ಕುರ್ಚಿಗೆ ಕವರ್ ಹಾಕಿಸ್ತಾರೆ. ನಂಗೆ ಎರಡೆರಡು ಗ್ಲೌಸ್ ಹಾಕ್ಕೋತಾರೆ. ನಿಮ್ಗೆಲ್ಲ ಒಂದೇ."

ಚೂಡಾಮಣಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು.

ಶಿಲ್ಪಶ್ರೀಯ ಸರದಿ ಬಂದಾಗ ಮಿಸ್ಸುಗಳೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು. ಒಂದೇ ಗ್ಲೌಸಿನಲ್ಲಿ ನೋಡಿ ಕಳಿಸಿದ್ದರೆ ಮಗು ಏನೋ ಜಂಬ ಕೊಚ್ಚಿತು ಅಂದುಕೊಂಡು ಮರೆಯುತ್ತಿದ್ದರು. ಅವಳ ಒಸಡಿನಲ್ಲಿ ರಕ್ತ ಕಂಡಿತು. ಎರಡನೆಯದು ಹಾಕಿಕೊಂಡೆ.

ಅವಳು ಸುಷ್ಮಾ ಕಡೆ ತಿರುಗಿ, "ನೋಡ್ದಾ?" ಅಂದಳು.

ಆಫೀಸ್ ರೂಮಿನಲ್ಲಿ ಬಾಗಿಲು ಮುಂದೆ ಮಾಡಿ ಚೂಡಾಮಣಿ, "ಗಾರ್ಗಿ, ಯೆಸ್ ಆರ್ ನೋ. ಅಷ್ಟು ಹೇಳು ಸಾಕು," ಅಂದಳು.

"ಪೇಷಂಟ್ ವಿಷಯ ಹೊರಗೆ ಹೇಳೋ ಹಾಗಿಲ್ಲ ಕಣೇ."

"ಥ್ಯಾಂಕ್ಸ್. ಹೇಳಿದ ಹಾಗಾಯ್ತು."

ನೋ ಅನ್ನಬಹುದಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲ ಅಂತ ಆ ಕ್ಷಣದಲ್ಲಿ ಅನ್ನಿಸಿತು. ಮಗುವಿಗೆ "ಚಳಿ" ಅಂದಿದ್ದೆನಲ್ಲ.

೨೨ ಆಗಸ್ಟ್

ಚೂಡಾಮಣಿಗೆ ಎರಡು ಸಲ ಫೋನ್ ಮಾಡಿದೆ. ಮೀಟಿಂಗಿನಲ್ಲಿದ್ದಾರಂತೆ.

೩ ಸೆಪ್ಟೆಂಬರ್

ಸಿದ್ದಲಿಂಗಮ್ಮ ಒಬ್ಬರೇ ಬಂದಿದ್ದರು. ಒಳಗೆ ಕೂರಲಿಲ್ಲ.

ಟಿ.ಸಿ. ಕೊಟ್ಟಿದ್ದಾರೆ. 'ಮಗುವಿನ ಆರೋಗ್ಯದ ದೃಷ್ಟಿಯಿಂದ' ಅಂದರಂತೆ. ಮಗು ಇನ್ನೂ ಬಾಗಿಲಲ್ಲಿ ನಿಂತಿರುವಾಗಲೇ ಆಯಾ ಮಾದೇವಮ್ಮನ ಕೈಲಿ ಬೆಂಚಿಗೆ ಫಿನಾಯಿಲ್ ಹಾಕಿ ಉಜ್ಜಿಸಿದರಂತೆ. ಸುಷ್ಮಾಳ ತಾಯಿ ಮನೆಯವರೆಗೂ ಬಂದು ಬಯ್ದು ಹೋಗಿದ್ದಾಳೆ. ನೀರು ಚಿಮ್ಮಿಸುವ ಆಟ ಆಡಿದ್ದಕ್ಕೆ ಸುಷ್ಮಾಗೂ ರಕ್ತ ಪರೀಕ್ಷೆ ಮಾಡಿಸಿದರಂತೆ.

"ಉಗುಳಿನಿಂದ ಹರಡೋದಿಲ್ಲ ಅಜ್ಜಿ. ನಾನು ಬಂದು ಹೇಳ್ತೀನಿ," ಅಂದೆ.

"ಈಗ್ಯಾಕೆ ಬುಡಿ." ಬಯ್ಯಲಿಲ್ಲ. ಬಯ್ದಿದ್ದರೆ ಏನಾದರೂ ಉತ್ತರ ಹೇಳುತ್ತಿದ್ದೆ. "ಒಂದ್ ಮಾತು ಕೇಳ್ತೀನಿ ಡಾಕ್ಟ್ರಮ್ಮ. ಅವತ್ತು ನಾನು ಹೇಳ್ದೇನೆ ಇದ್ದಿದ್ರೆ, ನನ್ನ ಮಗೀನೂ ನೀವು ಎಲ್ರಂಗೇ ನೋಡ್ತಿದ್ರಿ, ಅಲ್ವಾ?"



"ದವಡೆ ಹಲ್ಲು ತೆಗೀಬೇಕು, ಕರ್ಕೊಂಡು ಬನ್ನಿ," ಅಂದೆ. ಎಂಥ ಉತ್ತರ.

೧೩ ಅಕ್ಟೋಬರ್

ದಸರಾ ಗಲಾಟೆ ಮುಗಿದ ಮೇಲೆ ಮೊದಲ ಸೋಮವಾರ. ವೇಟಿಂಗ್ ರೂಮ್ ತುಂಬಿತ್ತು. ಹನ್ನೊಂದು ಗಂಟೆಗೆ ಇಬ್ಬರೂ ಬಂದರು. ಮಗುವಿನ ಕೆನ್ನೆ ನಿಂಬೆಹಣ್ಣಿನಷ್ಟು ಊದಿದೆ. ಮೆಟ್ಟಿಲು ಹತ್ತುವಾಗ ಕೂಗಲಿಲ್ಲ.

"ಈಗ ಯಾವೊತ್ಗಾದ್ರೂ ಬರ್ಬೋದಲ್ವಾ ಡಾಕ್ಟ್ರಮ್ಮ?" ಸಿದ್ದಲಿಂಗಮ್ಮನ ದನಿ ಎಲ್ಲರಿಗೂ ಕೇಳುವಷ್ಟಿತ್ತು. "ಮುಚ್ಚಿಡಾಕೆ ಇನ್ನೇನೈತೆ."

ಬೆಂಚಿನ ಮಧ್ಯೆ ಕೂತರು. ಅವರದೇ ಬೀದಿಯ ಎಣ್ಣೆ ಅಂಗಡಿ ಚನ್ನಬಸವಯ್ಯ ಎದ್ದರು. "ನಾನು ನಾಳೆ ಬತ್ತೀನಿ ಮೇಡಂ." ಅವರ ಹಿಂದೆ ಇನ್ನೊಬ್ಬರು. ನಾಗಮಣಿ ಒಳಗೆ ಬಂದು ಪಿಸುಗುಟ್ಟಿದಳು, "ಸಂಜೆಗೆ ಬನ್ನಿ ಅನ್ಲಾ? ಪ್ಲಾಸ್ಟಿಕ್ ಹಾಕ್ಲಾ?"

ಎರಡೂ ಬೇಡ ಅಂದೆ. ಈಗಲೇ ಕರಿ, ಮೊದಲು ಅವಳೇ. ಅಂದಾಗ ಜೂನಿನ ಆ ಸಂತೋಷವೇ ಮತ್ತೆ ಬಂತು. ಅದರ ಮುಖ ಗುರುತಾಯಿತು, ಆದರೂ ಬಂತು.

ಕುರ್ಚಿಯಲ್ಲಿ ತಾನೇ ಹತ್ತಿ ಕೂತಳು. ಮೈಯಲ್ಲಿ ಏನೂ ಉಳಿದಿಲ್ಲ. ಸ್ಕೂಲಿನ ಮಾತು ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಒಂದು ಜೊತೆ ಗ್ಲೌಸ್ ಹಾಕಿಕೊಂಡೆ. ಒಂದೇ. ಲೈಟ್ ಎಳೆದೆ. ಬಾಯಿ ತೆರಿ ಪುಟ್ಟಿ ಅಂದೆ.

ತೆರೆಯಲಿಲ್ಲ. ನನ್ನ ಕೈ ನೋಡಿದಳು. ಟ್ರೇ ಪಕ್ಕದ ಗ್ಲೌಸಿನ ಡಬ್ಬಿಯನ್ನು ಒಂದು ಬೆರಳಿನಿಂದ ನನ್ನ ಕಡೆ ತಳ್ಳಿದಳು.

"ಇನ್ನೊಂದು ಹಾಕ್ಕೊಳ್ಳಿ."

"ಬೇಡ ಪುಟ್ಟಿ, ಇವತ್ತು ಚಳಿ ಇಲ್ಲ."

"ಹಾಕ್ಕೊಳ್ಳಿ. ನಂದು ಕೆಟ್ಟ ರಕ್ತ."

ಅವಳ ಅಜ್ಜಿ ಗೋಡೆ ನೋಡುತ್ತಿದ್ದರು. ಬಾಯಿ ಬಿಗಿಯಾಗಿ ಮುಚ್ಚಿಕೊಂಡೇ ಕಾದಳು. ಕೆನ್ನೆಯ ಕೀವು ಕಾಯುವ ಹಾಗಿರಲಿಲ್ಲ.

ಹಾಕಿಕೊಂಡೆ. ಆಗ ತೆರೆದಳು. ನಾನು ದವಡೆ ಹಲ್ಲು ತೆಗೆದೆ.