ಎಲ್ವೀರಾಗೆ ತಂದ ಶಾಲು

ದಕ್ಷಿಣ ಅಮೆರಿಕದ ಫುಟ್‌ಬಾಲ್ ಕ್ಲಬ್ಬಿನ ಘನತೆವೆತ್ತ ಅಧ್ಯಕ್ಷರೇ,

ಲಂಡನ್ನಿನ ಹ್ಯಾರೋದ ನಮ್ಮ ಕನ್ನಡ ಸಂಘದ ವೇದಿಕೆಯಲ್ಲಿ, ಎಲ್ವೀರಾಗೆ ಹೊದಿಸಿ ಎಂದು ನಿಮ್ಮ ಕೈಗೆ ಕೊಟ್ಟ ರೇಷ್ಮೆ ಶಾಲನ್ನು ನೀವೇ ಹೊದ್ದುಕೊಂಡಿರಿ. ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಮುಖ್ಯ ಅತಿಥಿಯ ಕೈಗೆ ಶಾಲು ಕೊಟ್ಟು ಇನ್ನೊಬ್ಬರಿಗೆ ಹೊದಿಸುವ ನಮ್ಮ ಪದ್ಧತಿ ನಿಮಗೆ ತಿಳಿಯದು, ಪಾಪ. ಆದರೆ ಆಮೇಲೆ ಮೈಕು ಹಿಡಿದು, "ನಮ್ಮ ಕ್ಲಬ್ಬಿನಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಹುಟ್ಟಿದ್ದೇ ನನ್ನಿಂದ, ಅದಕ್ಕೂ ಮುಂಚೆ ತಂಡವೇ ಇರಲಿಲ್ಲ" ಎಂದಿರಲ್ಲ, ಅದು ಯಾವ ಪದ್ಧತಿ?

ಈಗ ಹ್ಯಾರೋದಲ್ಲಿ ನಮ್ಮ ನೆರೆಯವಳಾಗಿರುವ ಎಲ್ವೀರಾ ಯಾರೆಂದು ಆಹ್ವಾನದಲ್ಲೇ ತಿಳಿಸಿದ್ದೆವು. ನಿಮ್ಮ ಮಹಿಳಾ ತಂಡ ಸೌಹಾರ್ದ ಪಂದ್ಯಗಳಿಗಾಗಿ ಲಂಡನ್ನಿಗೆ ಬಂದಿದೆಯೆಂದು ಗೊತ್ತಾಗಿಯೇ ನಿಮ್ಮನ್ನು ಕರೆದದ್ದು. ಸುಮಾರು ನಲವತ್ತು ವರ್ಷಗಳ ಹಿಂದೆ ನಿಮ್ಮ ಕ್ಲಬ್ಬಿನ ಮೊದಲ ಮಹಿಳಾ ತಂಡ ಕಟ್ಟಿದವಳು ಆಕೆ. ಆಗ ಅಧ್ಯಕ್ಷರಾಗಿದ್ದವರು ನಿಮ್ಮ ತಂದೆ. ಹುಡುಗಿಯರು ಬಂದರೆಂದು ಆ ಮಹಾನುಭಾವರು ಮೈದಾನದ ಗೇಟಿಗೆ ಬೀಗ ಹಾಕಿಸಿದರು. ಹುಡುಗಿಯರು ಕಸಾಯಿಖಾನೆಯ ಹಿಂದಿನ ಬಯಲಲ್ಲಿ ಆಡಿದರು. ಕ್ಲಬ್ಬಿನ ಅಂಗಿ ಕೊಡಲಿಲ್ಲ. ಹಳೆಯ ಪರದೆಗಳನ್ನು ಕತ್ತರಿಸಿ ತಾವೇ ಹೊಲಿದುಕೊಂಡರು. ಆ ಅಂಗಿಗಳನ್ನೂ ನಿಮ್ಮ ತಂದೆ ಕಿತ್ತುಕೊಂಡು ಸುಡಿಸಿದರು. ಅಂಥ ಮನೆತನದ ನಿಮಗೆ ಮಹಿಳಾ ಫುಟ್‌ಬಾಲಿನ ಮೇಲೆ ದಿಢೀರನೆ ಪ್ರೀತಿ ಉಕ್ಕಿದ್ದು ಯಾವಾಗ? ಮಹಿಳಾ ತಂಡವಿಲ್ಲದ ಕ್ಲಬ್ಬಿನ ಗಂಡಸರಿಗೆ ಖಂಡದ ದೊಡ್ಡ ಪಂದ್ಯಾವಳಿಯಲ್ಲಿ ಜಾಗವಿಲ್ಲ ಎಂಬ ನಿಯಮ ಬಂದ ಮೇಲೆ. ಹೊಟ್ಟೆಪಾಡಿನ ಈ ಪ್ರೀತಿಗೆ ಇತಿಹಾಸವೆಂದು ಹೆಸರಿಟ್ಟ ನಿಮ್ಮ ಧೈರ್ಯಕ್ಕೆ ದೊಡ್ಡ ನಮಸ್ಕಾರ.

ವೇದಿಕೆಯಲ್ಲಿ ಏನಾಯಿತೆಂದಾದರೂ ಗಮನಿಸಿದಿರಾ? ಎಲ್ವೀರಾ ಶಾಲಿಗಾಗಿ ಕುತ್ತಿಗೆ ಬಾಗಿಸಿ ನಿಂತೇ ಇದ್ದಳು. ಹಾಗೆ ನಿಲ್ಲಬೇಕೆಂದು ಹೇಳಿಕೊಟ್ಟವಳು ನಾನೇ. ಧಾರವಾಡದಿಂದ ಬಂದಿರುವ ನಮ್ಮತ್ತೆ ಪಾರ್ವತೆವ್ವ ಮುಂದಿನ ಸಾಲಿನಿಂದ, "ಅಯ್ಯ, ಆಕಿಗೆ ಹೊದಿಸ್ರೀ ಅಂದ್ರ ತಾನ ಹೊದ್ಕೊಂಡು ನಿಂತಾನಲ್ಲ ಈ ಮನಷ್ಯಾ!" ಎಂದು ಕೂಗಿದರು. ಜೈಕಾರವೆಂದುಕೊಂಡು ನೀವು ಅವರತ್ತ ಕೈ ಬೀಸಿದಿರಿ. ಶಾಲಿನ ಒಂದು ತುದಿ ಜಾರಿದಾಗ ಅದನ್ನೆತ್ತಿ ನಿಮ್ಮ ಹೆಗಲ ಮೇಲೆ ಸರಿಮಾಡಿದವಳು ಎಲ್ವೀರಾ.

ದೊಡ್ಡವರು ನಿಮ್ಮ ಸುಳ್ಳಿಗೆ ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದರು. ಮಕ್ಕಳು ನಂಬಿಬಿಟ್ಟರು. ನನ್ನ ಮಗಳು ಇಂಚರಾ ಮತ್ತು ಅವಳ ಗೆಳತಿಯರಿಗೆ ಭಾನುವಾರಗಳಂದು ಪಾರ್ಕಿನಲ್ಲಿ ಎಲ್ವೀರಾ ಆಟ ಕಲಿಸುತ್ತಿದ್ದಳು. ಮರುದಿನವೇ ಇಂಚರಾ ಎಲ್ಲರೆದುರು ಕೇಳಿದಳು: "ಡಿಡ್ ಯು ರಿಯಲಿ ಪ್ಲೇ, ಎಲ್ವೀರಾ? ದಟ್ ಮ್ಯಾನ್ ಸೆಡ್ ದೇರ್ ವಾಸ್ ನೋ ಟೀಮ್."

ಎಲ್ವೀರಾ ಕೊರಳಿನ ಸೀಟಿ ತೆಗೆದು ನನ್ನ ಕೈಗಿಟ್ಟು, "ಇನ್ನು ನೀನೇ ಆಡಿಸು, ಶ್ರೀವಿದ್ಯಾ" ಎಂದು ಹೊರಟುಹೋದಳು. ನನಗೆ ಆಫ್‌ಸೈಡ್ ಎಂದರೇನೆಂದೂ ಗೊತ್ತಿಲ್ಲ.

ನಿಮ್ಮ ತಂಡ ಇನ್ನೂ ಲಂಡನ್ನಿನಲ್ಲೇ ಇದೆ. ಬರುವ ಭಾನುವಾರ ಆ ಪಾರ್ಕಿಗೆ ಬನ್ನಿ. ಮಕ್ಕಳೆದುರು ನಿಂತು, "ಇವಳು ಆಡಿದ್ದು ನಿಜ, ಬೀಗ ಹಾಕಿಸಿದ್ದು ನಮ್ಮಪ್ಪ, ಸುಳ್ಳು ಹೇಳಿದ್ದು ನಾನು" ಎನ್ನಿ. ಅಲ್ಲಿ ಮೈಕು ಇರುವುದಿಲ್ಲ, ಗಂಟಲು ಸ್ವಲ್ಪ ನೋಯಬಹುದು.

ಬರಲಾಗದಿದ್ದರೆ ಒಂದು ಹೆಮ್ಮೆಯಾದರೂ ನಿಮ್ಮ ಜೊತೆ ಊರಿಗೆ ಬರಲಿ. ನಿಮ್ಮ ತಂದೆಗೆ ಬೀಗ ಬೇಕಾಯಿತು, ಬೆಂಕಿ ಬೇಕಾಯಿತು, ಆದರೂ ಎಲ್ವೀರಾ ಆಟ ಬಿಡಲಿಲ್ಲ. ನೀವು ಒಂದೇ ಮಾತಿನಲ್ಲಿ ಬಿಡಿಸಿದಿರಿ.

ಇಂತಿ,
ನಿಮ್ಮನ್ನೇ ಅತಿಥಿಯಾಗಿ ಕರೆಯೋಣವೆಂದು ಮೊದಲು ಸೂಚಿಸಿದ ಬುದ್ಧಿವಂತೆ
ಶ್ರೀವಿದ್ಯಾ, ಹ್ಯಾರೋ